ನಂದೊಳ್ಳಿಯ ಕಾಡಿಗೆ ಎಷ್ಟು ವಯಸ್ಸು?

ಯಲ್ಲಾಪುರ ಪೇಟೆ ದಾಟಿ ಮಾಗೋಡಿನ ದಾರಿ ಹಿಡಿದರೆ ನಂದೊಳ್ಳಿ ಸಿಗುತ್ತದೆ. ಪ್ರವಾಸಿಗರ ಗಾಡಿಗಳು ಇಲ್ಲಿ ನಿಲ್ಲುವುದು ಕಡಿಮೆ. ಅವರ ಧಾವಂತವೆಲ್ಲ ಬೇಡ್ತಿ ನದಿ ಧುಮುಕುವ ಜಾಗಕ್ಕೆ, ಸಂಜೆಯಾದರೆ ಜೇನುಕಲ್ಲು ಗುಡ್ಡಕ್ಕೆ. ಆದರೆ ನೋಡಬೇಕಾದದ್ದು ದಾರಿಯ ಎರಡೂ ಮಗ್ಗುಲಿಗೆ ಇದೆ. ತಗ್ಗಿನಲ್ಲಿ ಅಡಿಕೆ ತೋಟ, ಅದಕ್ಕೆ ತಾಗಿ ಗದ್ದೆ, ಮೇಲಕ್ಕೆ ವರ್ಷಾ ವರ್ಷ ಟೊಂಗೆ ಸವರಿಸಿಕೊಂಡು ಕಂಬದಂತೆ ನಿಂತ ಮರಗಳ ಸೊಪ್ಪಿನ ಬೆಟ್ಟ, ಆಚೆಗೆ ಹುಲ್ಲಿನ ಬೇಣ, ಎಲ್ಲೋ ಕಣಿವೆಯ ಸಂದಿಯಲ್ಲಿ ಹಗಲಲ್ಲೂ ಮಬ್ಬು ಕವಿದ ಕಾನು. ಇವುಗಳಲ್ಲಿ ಯಾವುದು ಹಳತು, ಯಾವುದು ಹೊಸತು ಎಂದು ಯಾರನ್ನು ಕೇಳಿದರೂ ಉತ್ತರ ಸಿದ್ಧವಿದೆ: ಕಾನು ಅನಾದಿ ಕಾಲದ್ದು, ಉಳಿದದ್ದೆಲ್ಲ ಅದನ್ನು ಕಡಿದು ಮಾಡಿದ್ದು. ಪರಿಸರ ದಿನದ ಭಾಷಣ, ಅಜ್ಜಂದಿರ ನೆನಪು, ಅರಣ್ಯ ಇಲಾಖೆಯ ಫಲಕ ಮೂರೂ ಒಪ್ಪುವ ಅಪರೂಪದ ಸಂಗತಿಯಿದು. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಇಲ್ಲಿನ ಕಾಡನ್ನು ಮೊದಲು ತೆಳ್ಳಗೆ ಮಾಡಿದ್ದು ಮಳೆ. ಮನುಷ್ಯನ ಕೈ ಬಲವಾಗಿ ಬಿದ್ದದ್ದು ಆಮೇಲೆ. ಬಿದ್ದ ಮೇಲೆ ಯಾವ ತುಂಡು ಹೋಗಬೇಕು, ಯಾವುದು ಉಳಿಯಬೇಕು, ಕೆಲವೆಡೆ ಯಾವುದು ಮತ್ತೆ ಬೆಳೆಯಬೇಕು ಎಂದು ತೀರ್ಮಾನಿಸಿದ್ದೂ ಅದೇ ಕೈ.

ಇದಕ್ಕೆ ಸಾಕ್ಷಿ ಹೇಳುವ ಕೆಸರು ನಂದೊಳ್ಳಿಯಲ್ಲಿ ಇನ್ನೂ ಸಿಕ್ಕಿಲ್ಲ. ಅದನ್ನು ಹುಡುಕಿಕೊಂಡು ಘಟ್ಟ ಇಳಿದು ಕಾರವಾರಕ್ಕೆ, ಅಲ್ಲಿಂದಲೂ ಮುಂದೆ ಕಡಲಿನ ತಳಕ್ಕೆ ಹೋಗಬೇಕು. ಜೋಯಿಡಾ ತಾಲೂಕಿನ ದಿಗ್ಗಿಯ ಕಡೆ ಹುಟ್ಟುವ ಕಾಳಿ ನದಿ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವ ತನಕ ಹೊತ್ತು ತಂದದ್ದು ಬರೀ ಮಣ್ಣನ್ನಲ್ಲ. ಘಟ್ಟದ ಮೇಲಿನ ಹೂವುಗಳ ಪರಾಗವನ್ನೂ ತಂದಿದೆ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ 1955ರಿಂದ ಇದೆ. ಪಶ್ಚಿಮ ಘಟ್ಟದ ಸಸ್ಯಸಂಪತ್ತಿನ ನಕ್ಷೆ ಬರೆದವರಲ್ಲಿ ಅಲ್ಲಿಯವರು ಮುಂದಿನ ಸಾಲಿನವರು. ಅಲ್ಲಿಯ ಕ್ಲೋಡ್ ಕಾರಾತಿನಿ, ಜೆ. ಪಿ. ಪಾಸ್ಕಲ್ ಮತ್ತು ಸಂಗಡಿಗರು ಕಾರವಾರದ ಎದುರಿನ ಕಡಲತಳದಿಂದ ತೆಗೆದ ಕೆಸರಿನ ಕಂಬವನ್ನು ಪದರ ಪದರವಾಗಿ ಎಣಿಸಿ 1991ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಸಂಗತಿ ಪ್ರಕಟಿಸಿದರು. 1994ರಲ್ಲಿ ಅದನ್ನೇ ವಿಸ್ತರಿಸಿದರು. ಸುಮಾರು 3,500 ವರ್ಷಗಳ ಹಿಂದಿನ ಪದರದ ಕೆಳಗೆ ಕಾಡುಮರಗಳ ಪರಾಗ, ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪರಾಗ ಧಾರಾಳವಾಗಿದೆ. ಅದರ ಮೇಲೆ ಎರಡೂ ಕುಸಿಯುತ್ತವೆ, ಹುಲ್ಲಿನ ಪರಾಗದ ಪಾಲು ಏರುತ್ತದೆ. ಕಡಿಮೆ ತೇವದ ಹವೆ ಅಂದಿನಿಂದ ಶುರುವಾಯಿತು ಎಂಬುದು ಅವರ ತೀರ್ಮಾನ.

ಕೆಸರಿನಿಂದ ಕಾಡನ್ನು ಎಣಿಸುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡದೆ ಈ ಮಾತನ್ನು ನಂಬಬೇಕಾಗಿಲ್ಲ. 1916ರಲ್ಲಿ ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ ತನ್ನ ನಾಡಿನ ಜೌಗು ನೆಲಗಳ ಪರಾಗವನ್ನು ಶೇಕಡಾವಾರು ಲೆಕ್ಕದಲ್ಲಿ ಮಂಡಿಸಿದ ಮೇಲೆ ಇದೊಂದು ಶಾಸ್ತ್ರವಾಯಿತು. ಕ್ರಮ ಇಂದಿಗೂ ಬಹಳವೇನೂ ಬದಲಾಗಿಲ್ಲ. ಕೊಳವೆಯೊಳಗೆ ಬಂದ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳಿದರೆ ಕಪ್ಪು, ಬೂದು, ಕಂದು ಪಟ್ಟೆಗಳು; ನಡುವೆ ಕೊಳೆಯದೆ ಉಳಿದ ಎಲೆಯ ನರ, ಕಡ್ಡಿಯ ಚೂರು, ಕೆಲವೊಮ್ಮೆ ಕೀಟದ ರೆಕ್ಕೆಯ ಹೊಳಪು. ಒಂದೊಂದು ಪದರದಿಂದ ಚಿಟಿಕೆ ಮಣ್ಣು ತೆಗೆದು ಕ್ಷಾರದಲ್ಲಿ ಕುದಿಸಿ, ಆಮ್ಲದಲ್ಲಿ ತೊಳೆದು, ಮರಳನ್ನೂ ಕೊಳೆತ ಸೊಪ್ಪನ್ನೂ ಕರಗಿಸಿ ಕಳೆಯುತ್ತಾರೆ. ಇಷ್ಟೆಲ್ಲ ಆದರೂ ಕರಗದೆ ಉಳಿಯುವುದು ಪರಾಗದ ಹೊರಕವಚ. ಜೀವಜಗತ್ತು ಮಾಡಿದ ಅತಿ ಗಟ್ಟಿ ವಸ್ತುಗಳಲ್ಲಿ ಅದೊಂದು. ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮಿಲಿಮೀಟರಿನ ನೂರನೆಯ ಒಂದರಿಂದ ಹತ್ತನೆಯ ಒಂದು ಭಾಗದಷ್ಟು ಅಳತೆಯ ಕಾಳುಗಳು. ಹುಲ್ಲಿನದು ಉರುಟು, ಒಂದೇ ರಂಧ್ರ, ರಂಧ್ರದ ಸುತ್ತ ಬಳೆಯಂಥ ಅಂಚು. ಅಡಿಕೆ, ಬಗನಿಯಂಥವುಗಳದು ಉದ್ದಕ್ಕೆ ಒಂದು ಸೀಳು. ಹಲವು ಮರಗಳದ್ದಕ್ಕೆ ಮೂರು ಸೀಳು, ಮೇಲೆ ಬಲೆಯ ಕೆತ್ತನೆ. ಪದರಕ್ಕೆ ಕೆಲವು ನೂರು ಕಾಳು ಎಣಿಸಬೇಕು. ಆ ಪದರದ ವಯಸ್ಸನ್ನು ಕಾರ್ಬನ್ 14ರಿಂದ ಗೊತ್ತುಮಾಡುತ್ತಾರೆ. 5,730 ವರ್ಷಕ್ಕೆ ಅರ್ಧಕ್ಕರ್ಧ ಕರಗುವ ವಿಕಿರಣ ಇಂಗಾಲ ಅದು. ಬೇಸರದ ಕೆಲಸ. ಆದರೆ ಈ ಕೆಲಸದಲ್ಲಿ ಯಾರ ನೆನಪನ್ನೂ, ಯಾರ ಅಭಿಮಾನವನ್ನೂ ಆಧರಿಸಬೇಕಿಲ್ಲ.

ಈಗ ಮೊದಲ ಆಕ್ಷೇಪ, ಅದು ಸಣ್ಣದಲ್ಲ. ಹುಲ್ಲು ಹೆಚ್ಚಿತು, ಮರ ಕಡಿಮೆಯಾಯಿತು ಎಂದಾಕ್ಷಣ ಮಳೆಯನ್ನೇಕೆ ದೂರಬೇಕು? ಕಾಡು ಸುಟ್ಟು ಬೇಸಾಯ ಮಾಡುವ ಕುಮರಿಯ ಜನ ಆಗಲೇ ಬಂದಿರಬಾರದೇ? ಉತ್ತರ ಕನ್ನಡದ ಕಾನು, ದೇವರಕಾಡುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಎಂ. ಡಿ. ಸುಭಾಷಚಂದ್ರನ್ ಅವರು ಘಟ್ಟದ ಪರಿಸರ ಚರಿತ್ರೆಯ ಬಗ್ಗೆ 1997ರಲ್ಲಿ ಬರೆದಾಗ ಮನುಷ್ಯನ ಪಾತ್ರಕ್ಕೆ ದೊಡ್ಡ ಜಾಗ ಕೊಟ್ಟರು, ಅದಕ್ಕೆ ಕಾರಣಗಳೂ ಇವೆ. ನಾನು ಮಳೆಯ ಕಡೆ ವಾಲುವುದಕ್ಕೆ ಕಾರಣ ಕಾಂಡ್ಲಾ. ಘಟ್ಟದ ಮೇಲೆ ಕುಮರಿ ಕಡಿದವನು ಅಳಿವೆಯ ಕಾಂಡ್ಲಾವನ್ನು ಕಡಿಯಲಾರ. ಗುಡ್ಡದ ಕಾಡೂ ಉಪ್ಪುನೀರಿನ ಕಾಡೂ ಒಟ್ಟೊಟ್ಟಿಗೆ ಸೊರಗಿದವೆಂದರೆ ಎರಡಕ್ಕೂ ಸಮಾನವಾದ ಕಾರಣವನ್ನೇ ಮೊದಲು ಹುಡುಕಬೇಕು. ಎರಡನ್ನೂ ಜೋಡಿಸುವುದು ನದಿಯ ಸಿಹಿನೀರು. ಕಡಲಿನ ಮಟ್ಟ ಬದಲಾಗಿ ಕಾಂಡ್ಲಾ ಹೋಗಿರಬಹುದು ಎಂದು ಮರುಪ್ರಶ್ನೆ ಹಾಕಬಹುದು. ಹಿಮಯುಗ ಕರಗಿದ ನೀರಿನ ದೊಡ್ಡ ಏರಿಕೆ ಅದಕ್ಕೆ ಸಾವಿರಾರು ವರ್ಷ ಮೊದಲೇ ಹೆಚ್ಚುಕಡಿಮೆ ಮುಗಿದಿತ್ತು. ಅಳಿವೆಯ ಆಕಾರ ಮಾತ್ರ ಬದಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಅಳಿವೆಯಲ್ಲೂ ಮನುಷ್ಯನ ಕೈಯೇ ಇದ್ದಿರಬಹುದಲ್ಲ ಎಂದರೆ, ಉಪ್ಪುನೀರಿನ ಗಜನಿ ಗದ್ದೆಗೆ ಖಾರ್ಲ್ಯಾಂಡ್ ಒಡ್ಡು ಹಾಕಿ ಕಾಂಡ್ಲಾ ಒತ್ತಿದ್ದು ತೀರ ಈಚಿನ ಮಾತು.

ಘಟ್ಟದ ಕಾಡು ಕಡಿಯುವ ಕೊಡಲಿ ಆಗ ಇರಲಿಲ್ಲ ಎಂಬ ವಾದವನ್ನೂ ನೋಡೋಣ. 3,500 ವರ್ಷದ ಹಿಂದೆ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೂದಿದಿಬ್ಬಗಳನ್ನು ಬಿಟ್ಟುಹೋದ ದನಗಾಹಿ ಜನ ಇದ್ದರು, ಹುರುಳಿ ಹೆಸರು ಬೆಳೆಯುತ್ತಿದ್ದರು. ಅವರ ಕೈಯಲ್ಲಿದ್ದದ್ದು ಉಜ್ಜಿದ ಕಲ್ಲಿನ ಕೊಡಲಿ. ನಮಗೆ ಹತ್ತಿರದ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನದು, ಅಂದರೆ ಕಾರವಾರದ ಕೆಸರು ಬಣ್ಣ ಬದಲಿಸಿ ನಾಲ್ಕೈದು ಶತಮಾನ ಆದ ಮೇಲಿನದು. ಆದರೂ ಈ ವಾದವನ್ನು ಬಿಗಿಯಾಗಿ ಹಿಡಿಯಬಾರದು. ತಮಿಳುನಾಡಿನ ಮಯಿಲಾಡುಂಪಾರೈಯ ಕಬ್ಬಿಣಕ್ಕೆ ಕ್ರಿ.ಪೂ. ಎರಡು ಸಾವಿರಕ್ಕೂ ಹಿಂದಿನ ಕಾಲ ಹೇಳಿದ್ದಾರೆ. ಅಲ್ಲದೆ ಕಾಡು ಸುಡುವುದಕ್ಕೆ ಕಬ್ಬಿಣವೇ ಬೇಕೆಂದಿಲ್ಲ, ಬೇಸಿಗೆಯ ಒಂದು ಕೊಳ್ಳಿ ಸಾಕು.

ಹಾಗಾದರೆ ಮಳೆಯೇ ಕಾರಣ ಎನ್ನಲು ಬೇರೆ ಕಡೆಯ ಬೆಂಬಲ ಉಂಟೇ? ನೀಲಗಿರಿಯ ಎತ್ತರದ ಜೌಗಿನಲ್ಲಿ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಲ್ಲಿನ ಕೊಳೆತ ಸಸ್ಯದ ಪದರಗಳ ಇಂಗಾಲವನ್ನು ಅಳೆದು ಬರೆದರು. ಮರಗಿಡಗಳೂ ತಂಪು ಬಯಸುವ ಹುಲ್ಲುಗಳೂ ಗಾಳಿಯ ಇಂಗಾಲವನ್ನು ಹಿಡಿಯುವ ಕ್ರಮ ಒಂದು, ಬಿಸಿಲು ಮತ್ತು ಒಣಹವೆಗೆ ಒಗ್ಗಿದ ಹುಲ್ಲುಗಳದು ಇನ್ನೊಂದು. ಸತ್ತು ಕೊಳೆತ ಮೇಲೂ ಭಾರದ ಇಂಗಾಲ 13ರ ಪ್ರಮಾಣದಲ್ಲಿ ಆ ವ್ಯತ್ಯಾಸ ಉಳಿಯುತ್ತದೆ. ಆ ಲೆಕ್ಕದಲ್ಲಿ 20 ಸಾವಿರದಿಂದ 16 ಸಾವಿರ ವರ್ಷಗಳ ಹಿಂದೆ ಒಣಹವೆ, 11 ಸಾವಿರದ ಸುತ್ತ ಮಳೆಯ ಏರುಕಾಲ, ಮತ್ತೆ 6 ಸಾವಿರದಿಂದ 3,500ರ ತನಕ ಒಣಗು. ಇಲ್ಲೊಂದು ಮುಜುಗರವಿದೆ, ಮುಚ್ಚಿಟ್ಟು ಫಲವಿಲ್ಲ: ನೀಲಗಿರಿಯಲ್ಲಿ ಒಣಗು ಮುಗಿಯುವ ಹೊತ್ತಿಗೆ ಕಾರವಾರದಲ್ಲಿ ಶುರುವಾಗುತ್ತದೆ. ಎರಡು ಊರಿನ ಸಾಕ್ಷಿಗಳು ಒಂದೇ ಘಟನೆಗೆ ಬೇರೆ ಬೇರೆ ದಿನ ಹೇಳಿದಂತಾಯಿತು. ನೀಲಗಿರಿಗೆ ಹಿಂಗಾರಿನ ಪಾಲೂ ಇದೆ, ನಮ್ಮ ಘಟ್ಟದಂಚಿಗೆ ಮುಂಗಾರೇ ಸರ್ವಸ್ವ. ಹಾಗಾಗಿ ಎರಡೂ ತಾಳ ಹಾಕಿದಂತೆ ನಡೆಯಬೇಕಿಲ್ಲ. ಮೇಲಾಗಿ ದಿನಾಂಕಗಳೇ ಕೆಲವು ನೂರು ವರ್ಷ ಅತ್ತಿತ್ತ ಸರಿಯುತ್ತವೆ. ಕಾರ್ಬನ್ ವರ್ಷವನ್ನು ಪಂಚಾಂಗದ ವರ್ಷಕ್ಕೆ ತಿರುಗಿಸಿದರೆ 3,500 ಎಂಬುದು ಸುಮಾರು 3,800ರ ಕಡೆ ಹೋಗುತ್ತದೆ. ಕಡಲಿನ ಚಿಪ್ಪು, ಕೆಸರು ಹಳೆಯ ಇಂಗಾಲವನ್ನು ಉಂಡು ತಮ್ಮ ವಯಸ್ಸನ್ನು ಹೆಚ್ಚಿಗೆ ತೋರಿಸುವುದರಿಂದ ಆ ತಿದ್ದುಪಡಿ ಮತ್ತೆ ಕೆಳಗೆ ಎಳೆಯುತ್ತದೆ. ಅಷ್ಟಕ್ಕೂ ಜಗತ್ತಿನ ಹಲವೆಡೆ ಮಳೆ ಕೈಕೊಟ್ಟದ್ದು ಇದೇ ಸುಮಾರಿನ ಸಹಸ್ರಮಾನದಲ್ಲಿ. ಮೇಘಾಲಯದ ಮಾವ್ಮ್ಲೂ ಗುಹೆಯ ಸುಣ್ಣಗಂಬವನ್ನು ಆಧಾರವಾಗಿಟ್ಟು ಭೂವಿಜ್ಞಾನಿಗಳು 4,200 ವರ್ಷದಿಂದೀಚಿನ ಕಾಲಕ್ಕೆ 2018ರಲ್ಲಿ 'ಮೇಘಾಲಯನ್' ಎಂದೇ ಹೆಸರಿಟ್ಟರು.

ಎರಡನೆಯ ಆಕ್ಷೇಪ ವಿಧಾನದ ಮೇಲಿನದು, ನನಗೆ ಇದೇ ಹೆಚ್ಚು ಗಟ್ಟಿಯೆನಿಸುತ್ತದೆ. ಪರಾಗದ ಎಣಿಕೆಯೆಂದರೆ ಮರಗಳ ಎಣಿಕೆಯಲ್ಲ. ಹುಲ್ಲು ಗಾಳಿಗೆ ಪರಾಗ ಚೆಲ್ಲುತ್ತದೆ, ಲೆಕ್ಕವಿಲ್ಲದಷ್ಟು. ರಾಮಪತ್ರೆಯಂಥ ಮರ ಕೀಟವನ್ನು ನಂಬಿದ್ದು. ಅದರ ಪರಾಗ ಬುಡ ಬಿಟ್ಟು ದೂರ ಹೋಗುವುದೇ ಅಪರೂಪ. ಕಾಳುಮೆಣಸಿನದಂತೂ ಎಷ್ಟು ಸಣ್ಣದೆಂದರೆ ಎಣಿಸುವವನ ಕಣ್ಣಿಗೇ ತಪ್ಪೀತು. ಭತ್ತದ ಪರಾಗವನ್ನು ಕಾಡುಹುಲ್ಲಿನದರಿಂದ ಬೇರ್ಪಡಿಸುವುದು ಕಷ್ಟ. ಇದನ್ನು ಅರಿತೇ ಪಾಂಡಿಚೇರಿಯವರು ಇಂದಿನ ಕಾಡುಗಳ ನೆಲದ ಮೇಲ್ಮಣ್ಣು ಕೆರೆದು, ಯಾವ ಕಾಡು ಎಂಥ ಪರಾಗದ ಗುರುತು ಬಿಡುತ್ತದೆ, ಮಳೆ ಮತ್ತು ಎತ್ತರಕ್ಕೆ ಅದು ಹೇಗೆ ಹೊಂದುತ್ತದೆ ಎಂದು 1999 ಮತ್ತು 2001ರಲ್ಲಿ ಅಳತೆಗೋಲು ಮಾಡಿಟ್ಟರು. ಇದರಿಂದ ಜಾತಿವಾರು ಮೋಸ ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಜಾಗದ ಮೋಸಕ್ಕೆ ಮಾತ್ರ ಇದು ಮದ್ದಲ್ಲ. ಕಾಳಿಗೆ ಘಟ್ಟದಂಚಿನ ದಟ್ಟ ಕಾಡಿನ ನೀರೂ ಬರುತ್ತದೆ, ಹಳಿಯಾಳದ ಕಡೆಯ ಒಣ ಸೀಮೆಯಿಂದ ತಟ್ಟಿಹಳ್ಳವೂ ಬಂದು ಸೇರುತ್ತದೆ. ಕಡಲತಳದ ಕೆಸರನ್ನು ನೋಡಿ ಘಟ್ಟದ ಯಾವ ಮೂಲೆಯ ಕಾಡು ಹೋಯಿತು ಎನ್ನುವುದು ಜಾತ್ರೆಯ ಹುಂಡಿ ಎಣಿಸಿ ಯಾವ ಮನೆಯವರು ಎಷ್ಟು ಹಾಕಿದರು ಎಂದು ಹೇಳಿದ ಹಾಗೆ. ನಂದೊಳ್ಳಿಯದಂತೂ ಇನ್ನೂ ವಿಚಿತ್ರ. ಯಲ್ಲಾಪುರದ ಬಡಗಿನ ನೀರು ಕಾಳಿಗೆ, ತೆಂಕಿನದು ಬೇಡ್ತಿಗೆ. ನಂದೊಳ್ಳಿ, ಮಾಗೋಡುಗಳ ಹಳ್ಳಗಳ ಕೆಸರು ಗಂಗಾವಳಿಯ ಹೆಸರಿನಲ್ಲಿ ಗೋಕರ್ಣದ ಬಡಗಿಗೆ ಕಡಲು ಸೇರುತ್ತದೆ. ಆ ಬೇಡ್ತಿಯೋ ಧಾರವಾಡದ ಕಡೆಯಿಂದ ಬಯಲುಸೀಮೆಯ ಮಣ್ಣನ್ನು ಹೊತ್ತೇ ಮಲೆನಾಡಿಗೆ ಇಳಿಯುವವಳು. ಕಾರವಾರದ ಕೆಸರು ನಂದೊಳ್ಳಿಯ ಬಗ್ಗೆ ಹೇಳುವುದು ನೆರೆಮನೆಯ ಸಾಕ್ಷಿ, ಮನೆಯವರದಲ್ಲ.

ಮನೆಯವರ ಸಾಕ್ಷಿ ಬೇಕಿದ್ದರೆ ಘಟ್ಟದ ಮೇಲೆಯೇ, ಸಣ್ಣ ಪುಟ್ಟ ನೀರಿನ ತಾಣಗಳಲ್ಲಿ ಹುಡುಕಬೇಕು. ಅದಕ್ಕೆ ಎಲ್ಲಕ್ಕಿಂತ ಯೋಗ್ಯವಾದದ್ದು ರಾಮಪತ್ರೆ ಜಡ್ಡಿ ಎಂಬ ಜೌಗುಕಾಡು. ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇದರ ಹೆಸರಾಂತ ನಮೂನೆ. ಹೊನ್ನಾವರದಿಂದ ಘಟ್ಟ ಹತ್ತಿ ಬರುವ ಹೆದ್ದಾರಿಯ ಮಗ್ಗುಲಲ್ಲೇ ಇದೆ, ಬಸ್ಸಿನಲ್ಲಿ ಕೂತವರಿಗೆ ಕಾಣದಂತೆ. ಕಣಿವೆಯ ತಳದಲ್ಲಿ ವರ್ಷವಿಡೀ ಆರದ ನೀರು, ಕಪ್ಪು ಕೆಸರು. ಉಸಿರಿಲ್ಲದ ಆ ಕೆಸರಿನಿಂದ ಮಂಡಿ ಮಡಿಸಿದ ಹಾಗೆ ಮೇಲೆದ್ದು ಮತ್ತೆ ಮುಳುಗುವ ಬೇರುಗಳು, ಕಾಂಡದಿಂದ ಊರುಗೋಲಿನಂತೆ ಇಳಿದ ಬೇರುಗಳು. ಇಲ್ಲಿಂದಲೇ 2000ದಲ್ಲಿ ಗೇರಿನ ಕುಟುಂಬದ, ಅದುವರೆಗೆ ಶಾಸ್ತ್ರಕ್ಕೆ ಗೊತ್ತಿರದಿದ್ದ ಒಂದು ಮರವನ್ನು ವರ್ಣಿಸಿ ಅದಕ್ಕೆ ಕತ್ತಲೆಕಾನಿನ ಹೆಸರನ್ನೇ ಸೇರಿಸಿದರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ತಿರುವಾಂಕೂರಿನ ಹೆಸರು ಹೊತ್ತ ಒಂದು ನೇರಳೆ ಜಾತಿಯೂ ಸಿದ್ದಾಪುರದ ಈ ಜಡ್ಡಿಗಳಲ್ಲಿದೆ. ಕೇರಳದ ತೆಂಕುತುದಿಯಲ್ಲಿ ಒಂದು, ಇಲ್ಲೊಂದು, ನಡುವೆ ನೂರಾರು ಮೈಲಿ ಅದರ ಸುಳಿವು ವಿರಳ. ಇದಕ್ಕೆ ಸುಲಭವಾದ ವಿವರಣೆ, ಒಂದು ಕಾಲಕ್ಕೆ ಉದ್ದಕ್ಕೂ ಇದ್ದದ್ದು ಈಗ ತುಂಡು ತುಂಡಾಗಿ ಉಳಿದಿದೆ ಎಂಬುದು. ಘಟ್ಟದ ಕಾಡಿನ ಹಣೆಬರಹ ಬರೆಯುವುದು ಮಳೆಯ ಮೊತ್ತಕ್ಕಿಂತ ಮಳೆಯಿಲ್ಲದ ತಿಂಗಳುಗಳ ಸಂಖ್ಯೆ ಎಂದು ಪಾಸ್ಕಲ್ ತೋರಿಸಿದರು. ಬಡಗಿಗೆ ಹೋದಷ್ಟೂ ಆ ಒಣ ತಿಂಗಳು ಹೆಚ್ಚು. ಬೇಸಿಗೆ ಒಂದೆರಡು ತಿಂಗಳು ಉದ್ದವಾದರೆ ಬೆಟ್ಟದ ಇಳಿಜಾರಿನ ಮರಕ್ಕೆ ಅಪಾಯ, ಜಡ್ಡಿಯ ಮರಕ್ಕೆ ಅಷ್ಟಿಲ್ಲ. ಅದರ ಕಾಲಿಗೆ ನೆಲದ ನೀರು ಇದ್ದೇ ಇದೆ. ಹವೆ ಒಣಗಿದಾಗ ಹಳೆಯ ಕಾಡು ತಗ್ಗಿಗೆ ಸರಿದು ಬದುಕಿಕೊಂಡಿತು ಎಂಬ ನನ್ನ ಊಹೆಗೆ ಈ ಜಡ್ಡಿಗಳೇ ಬೆನ್ನು.

ಹಾಗಾದರೆ ಮನುಷ್ಯನನ್ನು ಪೂರಾ ಬಿಡುಗಡೆ ಮಾಡಿದಂತಾಯಿತಲ್ಲ ಎಂದರೆ, ಇಲ್ಲ. ಜಡ್ಡಿ ಇರುವ ಕಣಿವೆಯೇ ಅಡಿಕೆಗೂ ಭತ್ತಕ್ಕೂ ಪ್ರಶಸ್ತವಾದ ಜಾಗ. ಬರಗಾಲದಿಂದ ತಪ್ಪಿಸಿಕೊಂಡು ತಗ್ಗಿಗೆ ಸರಿದ ಕಾಡನ್ನು ಮನುಷ್ಯ ಎದುರುಗೊಂಡದ್ದು ಅಲ್ಲೇ, ಹೆಚ್ಚಿನ ಕಡೆ ಗೆದ್ದದ್ದು ಅವನೇ. ಉಳಿಸಿದ ಕಡೆ ದೇವರ ಹೆಸರಿನಲ್ಲಿ, ನೀರಿನ ಒರತೆಯ ಹೆಸರಿನಲ್ಲಿ, ಮೆಣಸಿನ ಬಳ್ಳಿಯ ಆಸೆಗೆ ಉಳಿಸಿದ. ಕಾನು ಅಂದರೆ ಇದೇ. ಇಳಿಜಾರಿನಲ್ಲಿ ಕುಮರಿ ಸುತ್ತಿತು, ಬ್ರಿಟಿಷರು 19ನೆಯ ಶತಮಾನದಲ್ಲಿ ಅದನ್ನು ಬಿಗಿಹಿಡಿದು ನಿಲ್ಲಿಸಿದರು. ತೋಟಿಗರಿಗೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಕೊಟ್ಟರು. ಇವೆಲ್ಲ ದಾಖಲೆ ಇರುವ ಕಾಲದ ಮಾತು. ದಾಖಲೆಗಿಂತ ಹಿಂದಿನದಕ್ಕೆ ಕೊಡಗಿನ ಕೆಸರು ಒಂದು ಅಚ್ಚರಿಯನ್ನು ತೆರೆದಿದೆ. ಶೋನಿಲ್ ಭಾಗವತ್, ಸಾಂದ್ರಾ ನೊಗೆ, ಕ್ಯಾಥರೀನ್ ವಿಲ್ಲಿಸ್ ಅವರು ಅಲ್ಲಿನ ದೇವರಕಾಡುಗಳ ತಗ್ಗಿನ ಮಣ್ಣಿನಲ್ಲಿ ಪರಾಗ ಎಣಿಸಿ 2014ರಲ್ಲಿ ಬರೆದರು: ಅನಾದಿಯೆಂದು ನಂಬಿದ ಈ ಬನಗಳು ಮುಟ್ಟದೆ ಉಳಿದ ಅವಶೇಷಗಳಲ್ಲ, ಹಿಂದೊಮ್ಮೆ ಮರ ವಿರಳವಾಗಿದ್ದ ನೆಲದಲ್ಲಿ ಮತ್ತೆ ಬೆಳೆದು ಬಂದವು. ಇದನ್ನು ಓದಿ ದೇವರಕಾಡಿನ ಮರ್ಯಾದೆ ಕುಗ್ಗಿತು ಎಂದು ಕೊರಗುವವರಿದ್ದಾರೆ. ನನಗೆ ತಿರುಗುಮುರುಗಾಗಿ ಕಾಣುತ್ತದೆ. ಇದ್ದದ್ದನ್ನು ಕಡಿಯದೆ ಬಿಡುವುದಕ್ಕೆ ದೇವರ ಹೆದರಿಕೆ ಸಾಕು. ಇಲ್ಲದ ಕಡೆ ಕಾಡಾಗಲು ತಲೆಮಾರುಗಟ್ಟಲೆ ಬಿಟ್ಟುಕೊಡುವುದಕ್ಕೆ ಊರಿನ ಒಪ್ಪಂದವೇ ಬೇಕು.

ನಂದೊಳ್ಳಿಯ ಸೀಮೆಯಲ್ಲಿ ಏನಾಯಿತು ಎಂದು ಹೇಳಬಲ್ಲ ತಾಣಗಳು ಬೇಕಾದಷ್ಟಿವೆ. ಯಲ್ಲಾಪುರದ ಕವಡಿಕೆರೆ, ಬನವಾಸಿಯ ಬಳಿಯ ಗುಡ್ನಾಪುರದ ಕೆರೆ, ಹೆಸರಿಲ್ಲದ ನೂರಾರು ಹೊಂಡಗಳು. ಗುಡ್ನಾಪುರಕ್ಕೆ ಒಂದು ವಿಶೇಷ ಅನುಕೂಲವಿದೆ: ಕದಂಬರ ರವಿವರ್ಮನ ಶಾಸನ ಸಿಕ್ಕ ಊರು ಅದು. ಕೆಸರಿನ ಕಾರ್ಬನ್ ದಿನಾಂಕವನ್ನು ಕಲ್ಲಿನ ಬರಹದ ಕಾಲದ ಜೊತೆ ಹೋಲಿಸಿ ನೋಡುವ ಅವಕಾಶ ಎಲ್ಲ ಕೆರೆಗೂ ಸಿಗುವುದಿಲ್ಲ. ಕೆರೆಯ ಹೂಳು ಮಳೆಯ ಲೆಕ್ಕ ಇಡುತ್ತದೆ ಎಂಬುದನ್ನು ಮಂಗಳೂರು ವಿಶ್ವವಿದ್ಯಾಲಯದ ಆರ್. ಶಂಕರ್ ಮತ್ತು ಅವರ ಶಿಷ್ಯರು ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಅವರು ನೋಡಿದ್ದು ಪರಾಗವನ್ನಲ್ಲ, ಮಣ್ಣಿನ ಕಾಂತಗುಣವನ್ನು. ಮಳೆ ಜೋರಾದಷ್ಟೂ ಕಬ್ಬಿಣದ ಖನಿಜ ಹೆಚ್ಚು ತೊಳೆದು ಬಂದು ಕೆರೆಗೆ ಬೀಳುತ್ತದೆ ಎಂಬ ಸರಳ ತತ್ವ. ಮಲೆನಾಡಿನ ಕೆರೆಗಳದ್ದು ಮಾತ್ರ ಇನ್ನೊಂದು ತೊಡಕು. ಇಲ್ಲಿ ಕೆರೆಗೋಡು ಎಂದರೆ ತೋಟಕ್ಕೆ ಒಳ್ಳೆಯ ಗೊಬ್ಬರ. ಶತಮಾನಗಳಿಂದ ಜನ ಅದನ್ನು ಎತ್ತಿ ಅಡಿಕೆ ಬುಡಕ್ಕೆ ಹಾಕುತ್ತಾ ಬಂದಿದ್ದಾರೆ, ಹಾಗಾಗಿ ಹಲವು ಕೆರೆಗಳ ಚರಿತ್ರೆ ಅಡಿಕೆ ಮರಕ್ಕೆ ಏರಿ ಕೊನೆಯಾಗಿ ಇಳಿದು ಮಂಡಿಗೂ ಹೋಗಿಯಾಗಿದೆ. ಈಗಿನ ಹೂಳೆತ್ತುವ ಚಳವಳಿ ಜೆಸಿಬಿ ತಂದಿದೆ. ಬುಟ್ಟಿ ಮೇಲ್ಪದರ ಎತ್ತುತ್ತಿತ್ತು, ಜೆಸಿಬಿ ತಳದ ತನಕ ಹೋಗುತ್ತದೆ. ಹೂಳೆತ್ತಬಾರದು ಎಂದು ಹೇಳುವಷ್ಟು ಹುಂಬ ನಾನಲ್ಲ, ನೀರು ಬೇಕು. ಬಕೆಟ್ಟು ಇಳಿಸುವ ಮುಂಚೆ ಕೆರೆಯ ನಡುಮಧ್ಯದಲ್ಲಿ ಒಂದು ಕೊಳವೆ ಇಳಿಸಿ ಕಂಬ ತೆಗೆದಿಡಲು ಅರ್ಧ ದಿನ ಸಾಕು. ಜಡ್ಡಿಯ ಕಥೆ ಬೇರೆ. ಅದನ್ನು ಬಗೆದರೆ ಮತ್ತೆ ಬರುವುದಿಲ್ಲ. ಕಾಳಿಯ ಕೆಳಗಿನ ಕಡಲಿಗಂತೂ ಈಗ ಹೊಸ ಪುಟ ಸೇರುವುದೇ ಕಡಿಮೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಹೂಳನ್ನು ಮೇಲೆಯೇ ತಡೆದು ಹಿಡಿದಿವೆ.

ಅಂಥ ಒಂದು ಕಂಬ ಸಿಕ್ಕಿತು ಎನ್ನಿ. ಅದರಲ್ಲಿ ನೋಡಬೇಕಾದದ್ದು ಪರಾಗವೊಂದನ್ನೇ ಅಲ್ಲ. ಇಂಗಾಲ 13ರ ಏರಿಕೆಯನ್ನೇ ಕಂಡು ಹವೆ ಒಣಗಿತು ಎನ್ನಲಾಗದು, ಕಾರಣ ಕುಮರಿಯ ರಾಗಿಯೂ ಒಣಹವೆಯ ಹುಲ್ಲಿನ ಗುಂಪಿನದೇ. ಭತ್ತವಾದರೋ ಮರಗಳ ಗುಂಪಿನದು. ಹಾಗಾಗಿ ಬೆಂಕಿಯ ಕುರುಹಾದ ಇದ್ದಿಲಿನ ಪುಡಿ, ಭತ್ತದ ಹೊಟ್ಟಿನ ಗಾಜಿನಂಥ ಕಣಗಳು, ಅಡಿಕೆಯ ಪರಾಗ ಈ ಮೂರನ್ನೂ ಜೊತೆಗೆ ಎಣಿಸಬೇಕು, ಮತ್ತು ಯಾವುದರ ಹಿಂದೆ ಯಾವುದು ಬಂತು ಎಂದು ನೋಡಬೇಕು. ಕಾಡುಮರದ ಪರಾಗ ಮೊದಲು ಇಳಿದು, ಇದ್ದಿಲು ಕೆಲವು ಪದರ ಮೇಲೆ ಹೆಚ್ಚಿ, ಅಡಿಕೆ ಭತ್ತ ಅದಕ್ಕೂ ಮೇಲೆ ಕಾಣಿಸಿಕೊಂಡರೆ ನಾನು ಇಲ್ಲಿ ಹೇಳಿದ ಕ್ರಮ ಸರಿ. ಇದ್ದಿಲು ಮೊದಲು ಏರಿ, ಮರ ಆಮೇಲೆ ಇಳಿದಿದ್ದರೆ, ಮಳೆಯ ಮೇಲೆ ಹೊರಿಸಿದ ತಪ್ಪನ್ನು ವಾಪಸು ತೆಗೆದುಕೊಂಡು ನಂದೊಳ್ಳಿಯ ಬೇಣ, ಬೆಟ್ಟ, ಕಾನುಗಳ ಲೆಕ್ಕವನ್ನು ಮನುಷ್ಯನಿಂದಲೇ ಶುರುಮಾಡಬೇಕಾಗುತ್ತದೆ.